ಮಿಂಚಿನ ಮೊದಲ ಕಿಡಿ

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಕೊಡಚಾದ್ರಿಯನ್ನು ಮುಂದಿರಿಸಿಕೊಂಡು ನಿಂತ ಸಹ್ಯಾದ್ರಿ; ಇವೆರಡರ ನಡುವಿನ ಕಿರಿದಾದ ನೆಲದಲ್ಲಿ, ಕುಂದಾಪುರದಿಂದ ಬೈಂದೂರಿಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ ಕಿರಿಮಂಜೇಶ್ವರವಿದೆ. ಮಳೆಯ ವಿಷಯದಲ್ಲಿ ಈ ಊರಿನವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾದುದು ಹೆಚ್ಚೇನೂ ಇಲ್ಲ. ಜೂನ್ ತಿಂಗಳಲ್ಲಿ ಮುಂಗಾರು ನೆಲೆಯೂರಿತೆಂದರೆ ದಿನಗಟ್ಟಲೆ ಎಡೆಬಿಡದೆ ಮಳೆ ಸುರಿಯುತ್ತದೆ. ಆದರೆ ಆ ಮಳೆಯಲ್ಲಿ ಗುಡುಗು ಮಿಂಚುಗಳ ಆರ್ಭಟ ಕಡಿಮೆ. ಸಿಡಿಲಿನ ಕಾಲವೇ ಬೇರೆ. ಮುಂಗಾರಿಗೆ ಮೊದಲು ಏಪ್ರಿಲ್, ಮೇ ತಿಂಗಳುಗಳಲ್ಲಿ, ಮತ್ತೆ ಮಳೆಗಾಲ ಹಿಂದೆ ಸರಿಯುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ, ಮಧ್ಯಾಹ್ನ ಕಳೆದ ಮೇಲೆ ಘಟ್ಟದ ಮೇಲೆ ಕಪ್ಪು ಮೋಡಗಳು ರಾಶಿ ರಾಶಿಯಾಗಿ ಏಳುತ್ತವೆ. ಸಂಜೆಯ ಹೊತ್ತಿಗೆ ಅವು ಕಡಲ ಕಡೆಗೆ ಸರಿದು ಬರುವುದುಂಟು. ಆಗ ಗದ್ದೆಯಲ್ಲಿರುವವರು ಮನೆಯ ದಾರಿ ಹಿಡಿಯುತ್ತಾರೆ. ದಡದಲ್ಲಿ ಬಲೆ ಒಣಗಿಸಿದವರು ಅದನ್ನು ಬೇಗ ಬೇಗನೆ ಮಡಚುತ್ತಾರೆ. ತೆಂಗಿನ ತೋಟಗಳಲ್ಲಿ ಸುಳಿ ಸುಟ್ಟು, ಗರಿಗಳು ಜೋತುಬಿದ್ದು ನಿಂತ ಮರವೊಂದನ್ನು ಕಂಡರೆ ಅದಕ್ಕೆ ಏನಾಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಭಾರತದಲ್ಲಿ ಸಿಡಿಲಿನಿಂದ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನರು ಸಾಯುತ್ತಾರೆಂದು ಸರಕಾರದ ಲೆಕ್ಕಗಳು ಹೇಳುತ್ತವೆ. ಸತ್ತವರಲ್ಲಿ ಬಹುಮಂದಿ ಬಯಲಿನಲ್ಲಿ ದುಡಿಯುವವರು. ರೈತರು, ಕೂಲಿಯವರು, ದನ ಕಾಯುವವರು. ಇಷ್ಟು ಹಳೆಯದೂ ಇಷ್ಟು ಸಾಮಾನ್ಯವೂ ಆದ ಈ ವಿಪತ್ತಿನ ಕುರಿತು ವಿಜ್ಞಾನಕ್ಕೆ ತಿಳಿಯದೆ ಉಳಿದಿರುವುದು ಏನಾದರೂ ಇರಬಹುದೆಂದು ಸುಲಭವಾಗಿ ತೋಚದು. ಆದರೆ ಇದೆ, ಅದೂ ಮೂಲದಲ್ಲಿಯೇ ಇದೆ. ಮೋಡದಲ್ಲಿ ವಿದ್ಯುತ್ತು ಹೇಗೆ ಶೇಖರವಾಗುತ್ತದೆಂಬುದು ಬಹುಮಟ್ಟಿಗೆ ತಿಳಿದಿದೆ. ಮಿಂಚು ಹೊರಟ ಮೇಲೆ ಹೇಗೆ ನೆಲ ಮುಟ್ಟುತ್ತದೆಂಬುದೂ ತಿಳಿದಿದೆ. ಶೇಖರವಾದ ವಿದ್ಯುತ್ತು ಮಿಂಚಾಗಿ ಹೊರಡುವ ಆ ಮೊದಲ ಕ್ಷಣದಲ್ಲಿ ಮೋಡದೊಳಗೆ ನಡೆಯುವುದೇನು, ಮೊದಲ ಕಿಡಿಯನ್ನು ಹೊತ್ತಿಸುವುದು ಯಾವುದು ಎಂಬ ಪ್ರಶ್ನೆಗೆ ಮಾತ್ರ ಎಲ್ಲರೂ ಒಪ್ಪುವ ಉತ್ತರ ಇಂದಿಗೂ ದೊರೆತಿಲ್ಲ.

ಉತ್ತರ ಇಲ್ಲವೆಂಬುದನ್ನು ಜನರು ಎಂದೂ ಸಹಿಸಿದವರಲ್ಲ. ಇಂದ್ರನು ವಜ್ರಾಯುಧವನ್ನು ಬೀಸಿದನೆಂಬುದು ಒಂದು ಉತ್ತರ. ಗುಡುಗು ಕೇಳಿದೊಡನೆ ಅರ್ಜುನನ ಹತ್ತು ಹೆಸರುಗಳನ್ನು ಜಪಿಸುವ ವಾಡಿಕೆ ಕನ್ನಡನಾಡಿನ ಮನೆಮನೆಯಲ್ಲಿ ಇತ್ತು. ಈಗಲೂ ಅಜ್ಜಿಯರಿರುವ ಮನೆಗಳಲ್ಲಿ ಅದು ಅಳಿದಿಲ್ಲ. ಕರಾವಳಿಯ ಕೆಲವು ಮನೆಗಳಲ್ಲಿ ಅಂಗಳಕ್ಕೆ ಕಬ್ಬಿಣದ ಕತ್ತಿಯನ್ನು ಎಸೆಯುವುದೂ ಉಂಟು. ಇವೆರಡರಲ್ಲಿ ಮೊದಲನೆಯದರಿಂದ ಕೇಡಿಲ್ಲ, ಒಂದಿಷ್ಟು ಲಾಭವೇ ಇದೆ. ಏಕೆಂದರೆ ಜಪಿಸುವವನು ಮನೆಯ ಒಳಗೆ ಕುಳಿತಿರುತ್ತಾನೆ. ಕತ್ತಿ ಎಸೆಯಲು ಹೊರಟವನು ಅಂಗಳಕ್ಕೆ ಇಳಿಯಬೇಕಾಗುತ್ತದೆ. ಇವುಗಳ ಜೊತೆಗೆ, ಓದಿದವರು ಹೇಳುವ ಮೂರನೆಯ ಉತ್ತರವೊಂದುಂಟು: ಎರಡು ಮೋಡಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಮಿಂಚು ಹುಟ್ಟುತ್ತದೆ, ಆ ಘರ್ಷಣೆಯ ಸದ್ದೇ ಗುಡುಗು ಎಂಬುದು. ಕೇಳುವುದಕ್ಕೆ ವಿಜ್ಞಾನದಂತೆಯೇ ಇರುವ ಈ ಮಾತು ವಜ್ರಾಯುಧದ ಕಥೆಗಿಂತ ಹೆಚ್ಚು ಸತ್ಯವೇನಲ್ಲ. ಕಥೆಯನ್ನು ಕಥೆಯೆಂದು ಗುರುತಿಸಬಹುದು. ಶಾಸ್ತ್ರದ ವೇಷ ತೊಟ್ಟ ತಪ್ಪನ್ನು ಗುರುತಿಸುವುದು ಕಷ್ಟ, ಮತ್ತು ಒಮ್ಮೆ ಅದನ್ನು ನಂಬಿದವನು ಮುಂದಕ್ಕೆ ಕೇಳುವುದನ್ನೇ ನಿಲ್ಲಿಸುತ್ತಾನೆ.

ಹಾಗಾದರೆ ತಿಳಿದಿರುವುದೆಷ್ಟು? ಬೇಸಗೆಯಲ್ಲಿ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಕಡಲಿನಿಂದ ಬೀಸುವ ತೇವದ ಗಾಳಿ ಘಟ್ಟಕ್ಕೆ ತಡೆದು ಅದರೊಡನೆ ಮೇಲೇರುತ್ತದೆ. ಹೀಗೆ ಹುಟ್ಟಿದ ಮೋಡ ಹತ್ತು ಹನ್ನೆರಡು ಕಿಲೋಮೀಟರುಗಳ ಎತ್ತರಕ್ಕೂ ಬೆಳೆಯಬಲ್ಲುದು. ಸುಮಾರು ಐದು ಕಿಲೋಮೀಟರಿನಿಂದ ಮೇಲಕ್ಕೆ, ಉರಿಬಿಸಿಲಿನ ಮೇ ತಿಂಗಳಿನಲ್ಲಿಯೂ, ನೀರು ಹೆಪ್ಪುಗಟ್ಟುವ ಚಳಿ ಇರುತ್ತದೆ. ಅಲ್ಲಿ ಹಗುರವಾದ ಹಿಮದ ಹರಳುಗಳೂ, ಅವಕ್ಕಿಂತ ಭಾರವಾದ ಮೆದು ಆಲಿಕಲ್ಲಿನ ಕಾಳುಗಳೂ ಒಂದನ್ನೊಂದು ತಾಕುತ್ತವೆ. ತಾಕಿದಾಗ ಒಂದರಿಂದ ಇನ್ನೊಂದಕ್ಕೆ ವಿದ್ಯುದಂಶ ದಾಟುತ್ತದೆ. ಹಗುರವಾದ ಹರಳುಗಳು ಧನ ವಿದ್ಯುತ್ತನ್ನು ಹೊತ್ತು ಮೇಲೇರುವ ಗಾಳಿಯೊಡನೆ ಮೋಡದ ನೆತ್ತಿಯನ್ನು ಸೇರುತ್ತವೆ. ಭಾರದ ಕಾಳುಗಳು ಋಣ ವಿದ್ಯುತ್ತಿನೊಡನೆ ನಡುಭಾಗದಲ್ಲಿ ತಂಗುತ್ತವೆ. ಘರ್ಷಣೆ ಇರುವುದು ನಿಜ. ಆದರೆ ಅದು ಮೋಡಕ್ಕೂ ಮೋಡಕ್ಕೂ ನಡುವೆ ಅಲ್ಲ, ಒಂದೇ ಮೋಡದ ಒಡಲಿನಲ್ಲಿರುವ ಕೋಟ್ಯಂತರ ಹಿಮಕಣಗಳ ನಡುವೆ. ಮುಂಗಾರಿನ ಮಳೆಯಲ್ಲಿ ಸಿಡಿಲು ಕಡಿಮೆಯಾಗುವುದಕ್ಕೂ ಇಲ್ಲಿಯೇ ಕಾರಣ ಸಿಗುತ್ತದೆ. ಆಗಿನ ಮೋಡಗಳಲ್ಲಿ ಗಾಳಿಯ ಏರಿಕೆ ಸೌಮ್ಯವಾದುದು. ನೀರು ಹೇರಳವಾಗಿದ್ದರೂ ಹಿಮದ ಹರಳುಗಳ ಈ ಕೋಲಾಹಲ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಒಗಟು ಎದುರಾಗುವುದು ಮುಂದಿನ ಹೆಜ್ಜೆಯಲ್ಲಿ. ಗಾಳಿ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡದ ವಸ್ತು. ಅದರ ತಡೆಯನ್ನು ಮುರಿದು ಕಿಡಿ ಹಾರಬೇಕಾದರೆ, ನೆಲಮಟ್ಟದ ಒಣಗಾಳಿಯಲ್ಲಿ ಪ್ರತಿಯೊಂದು ಮೀಟರಿಗೆ ಸುಮಾರು 30 ಲಕ್ಷ ವೋಲ್ಟುಗಳ ಒತ್ತಡ ಬೇಕು. ಮೋಡವಿರುವ ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಅದರ ಅರ್ಧದಷ್ಟು ಸಾಕೆನ್ನಬಹುದು. ವಿಜ್ಞಾನಿಗಳು ಅನೇಕ ದಶಕಗಳಿಂದ ಬಲೂನುಗಳಿಗೆ ಉಪಕರಣಗಳನ್ನು ಕಟ್ಟಿ ಗುಡುಗಿನ ಮೋಡಗಳ ಒಳಕ್ಕೆ ಕಳುಹಿಸಿ ಅಳೆದಿದ್ದಾರೆ. ಅಲ್ಲಿ ಸಾಮಾನ್ಯವಾಗಿ ದೊರೆತ ಒತ್ತಡ ಮೀಟರಿಗೆ ಒಂದರಿಂದ ನಾಲ್ಕು ಲಕ್ಷ ವೋಲ್ಟುಗಳು ಮಾತ್ರ. ಬೇಕಾದುದರ ಕಾಲು ಭಾಗವೂ ಕೂಡಿಬರುವುದು ಅಪರೂಪ. ಲೆಕ್ಕದ ಪ್ರಕಾರ ಆ ಮೋಡದಲ್ಲಿ ಮಿಂಚು ಹುಟ್ಟಬಾರದು. ಆದರೆ ಲೆಕ್ಕವನ್ನು ಲೆಕ್ಕಿಸದೆ ಅದು ಹುಟ್ಟುತ್ತದೆ. ಕ್ಷಣಮಾತ್ರದಲ್ಲಿ ತನ್ನ ದಾರಿಯ ಗಾಳಿಯನ್ನು ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಹೆಚ್ಚು ಬಿಸಿಯಾಗಿಸುತ್ತದೆ. ಹಾಗೆ ಹಠಾತ್ತನೆ ಕಾದು ಹಿಗ್ಗಿದ ಗಾಳಿಯ ಅಬ್ಬರವೇ ಗುಡುಗು.

ಮಿಂಚು ವಿದ್ಯುತ್ತೇ ಎಂಬುದು 1752ರಲ್ಲಿಯೇ ಸ್ಥಿರಪಟ್ಟಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಪ್ರಯೋಗವನ್ನು ಆ ವರ್ಷದ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಮಾಡಿ, ಎತ್ತರದ ಕಬ್ಬಿಣದ ಸಲಾಕೆಯಿಂದ ಕಿಡಿಗಳನ್ನು ಸೆಳೆಯಲಾಯಿತು. ಮರುವರ್ಷ ಅಂತಹದೇ ಪ್ರಯೋಗದಲ್ಲಿ ತೊಡಗಿದ್ದ ರಿಚ್‌ಮನ್ ಎಂಬ ವಿಜ್ಞಾನಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸಿಡಿಲಿಗೆ ಬಲಿಯಾದನು. ಫ್ರಾಂಕ್ಲಿನ್ನನ ಸಿಡಿಲುಕಂಬ ಅಂದಿನಿಂದ ಎಷ್ಟೋ ಕಟ್ಟಡಗಳನ್ನು ಕಾಪಾಡಿದೆ. ಆಗ ಎಲೆಕ್ಟ್ರಾನ್ ಎಂಬ ಕಣವನ್ನು ಯಾರೂ ಕಂಡಿರಲಿಲ್ಲ. ಅದು ಪತ್ತೆಯಾದುದು 1897ರಲ್ಲಿ. ಪೂರ್ಣ ತಿಳಿವಳಿಕೆ ಬರುವವರೆಗೆ ರಕ್ಷಣೆಯ ಉಪಾಯ ಕಾದು ಕುಳಿತಿರಬೇಕಾಗಿಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಆದರೆ ಇದೇ ನಿದರ್ಶನವನ್ನು ಮುಂದೊಡ್ಡಿ, ಕಾರಣವನ್ನು ಹುಡುಕುವ ಶ್ರಮವೇಕೆಂದು ವಾದಿಸುವವರೂ ಇದ್ದಾರೆ. ಅವರ ವಾದ ಎಲ್ಲಿ ಮುಗ್ಗರಿಸುತ್ತದೆಂಬುದನ್ನು ಮುಂದೆ ನೋಡಬಹುದು.

ಕರ್ನಾಟಕದ ತೆಂಕಣ ಗಡಿಗೆ ತಾಗಿಕೊಂಡಿರುವ ನೀಲಗಿರಿಯ ಊಟಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯವೊಂದಿದೆ. ಅಲ್ಲಿ ಜಪಾನಿನ ವಿಜ್ಞಾನಿಗಳ ಸಹಕಾರದಿಂದ ನಡೆಯುವ ‘ಗ್ರೇಪ್ಸ್-3’ ಎಂಬ ಪ್ರಯೋಗಕ್ಕೂ ಸಿಡಿಲಿಗೂ ಮೂಲದಲ್ಲಿ ಯಾವ ಸಂಬಂಧವೂ ಇರಲಿಲ್ಲ. ಅದನ್ನು ಕಟ್ಟಿದುದು ವಿಶ್ವಕಿರಣಗಳನ್ನು ಅಭ್ಯಸಿಸಲು. ವಿಶ್ವಕಿರಣಗಳೆಂದರೆ ಅಂತರಿಕ್ಷದ ದೂರದೂರದ ನೆಲೆಗಳಿಂದ ಮಹಾವೇಗದಲ್ಲಿ ಬಂದು ಭೂಮಿಯ ವಾಯುಮಂಡಲವನ್ನು ಹೊಡೆಯುವ ಕಣಗಳು. (ಕನ್ನಡನಾಡಿಗೆ ಈ ವಿದ್ಯೆ ಹೊಸದಲ್ಲ. 1965ರಲ್ಲಿ ಇದೇ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವನ್ನು ಹಿಡಿದಿದ್ದರು.) ವಿಶ್ವಕಿರಣಗಳು ಗಾಳಿಯ ಅಣುಗಳನ್ನು ಸೀಳಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟಿ ನೆಲಕ್ಕೆ ಸುರಿಯುತ್ತವೆ. ಊಟಿಯ ಉಪಕರಣ ಇವುಗಳನ್ನು ದಿನಕ್ಕೆ ಸುಮಾರು 400 ಕೋಟಿಯಷ್ಟು ಎಣಿಸುತ್ತದೆ.

ಗುಡುಗು ಮಳೆ ಬಂದಾಗಲೆಲ್ಲ ಈ ಎಣಿಕೆ ಏರುಪೇರಾಗುತ್ತಿತ್ತು. ಬೇರೊಬ್ಬರಾಗಿದ್ದರೆ ಇದನ್ನು ಕೆಲಸಕ್ಕೆ ಬಂದ ವಿಘ್ನವೆಂದು ಬದಿಗೆ ಸರಿಸಿಬಿಡುತ್ತಿದ್ದರೇನೋ. ಅಲ್ಲಿನ ವಿಜ್ಞಾನಿಗಳು ಆ ವಿಘ್ನವನ್ನೇ ಅಳತೆಗೋಲಾಗಿ ಮಾಡಿಕೊಂಡರು. ಮ್ಯೂಆನುಗಳು ವಿದ್ಯುದಂಶವುಳ್ಳ ಕಣಗಳಾದುದರಿಂದ, ಮೋಡದ ವಿದ್ಯುತ್ತು ಅವುಗಳ ಶಕ್ತಿಯನ್ನು ಕುಗ್ಗಿಸಬಹುದು ಅಥವಾ ಹೆಚ್ಚಿಸಬಹುದು. ಎಣಿಕೆ ಎಷ್ಟು ಬದಲಾಯಿತೆಂಬುದರಿಂದ ಮೋಡದ ಒತ್ತಡವನ್ನು ಲೆಕ್ಕಹಾಕಬಹುದು. 2014ರ ಡಿಸೆಂಬರ್ 1ರಂದು ಬಂದ ಒಂದು ಬಿರುಮಳೆಯಲ್ಲಿ ಮ್ಯೂಆನುಗಳ ಸಂಖ್ಯೆ ಶೇಕಡಾ ಎರಡರಷ್ಟು ಇಳಿಯಿತು. ಅದರಿಂದ ಹೊರಟ ಉತ್ತರ 130 ಕೋಟಿ ವೋಲ್ಟುಗಳು! ಮನೆಯ ದೀಪಕ್ಕೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟುಗಳೆಂಬುದನ್ನು ನೆನೆದರೆ ಇದರ ಅಗಾಧತೆ ತಿಳಿಯುತ್ತದೆ. ಬಲೂನುಗಳಿಂದ ಆವರೆಗೆ ದೊರೆತಿದ್ದ ಅತಿ ಹೆಚ್ಚಿನ ಅಳತೆಗಿಂತ ಅದು ಹತ್ತು ಪಟ್ಟು ಹೆಚ್ಚು. 2019ರಲ್ಲಿ ಈ ಫಲಿತಾಂಶ ಪ್ರಕಟವಾದಾಗ, ಮೋಡಗಳಲ್ಲಿ ಇಂತಹ ಒತ್ತಡ ಇರಬಹುದೆಂದು ಸ್ಕಾಟ್ಲೆಂಡಿನ ವಿಜ್ಞಾನಿ ಸಿ. ಟಿ. ಆರ್. ವಿಲ್ಸನ್ ತೊಂಬತ್ತು ವರ್ಷಗಳ ಹಿಂದೆ ಮಾಡಿದ್ದ ಊಹೆಗೆ ಆಧಾರ ಸಿಕ್ಕಂತಾಯಿತು.

ಆದರೂ ಒಗಟು ಬಿಡಿಸಿತೆಂದು ಹೇಳುವಂತಿಲ್ಲ. ಒಂದು ಊರಿನಲ್ಲಿ ಒಟ್ಟು ಎಷ್ಟು ಧನವಿದೆಯೆಂದು ತಿಳಿದರೆ ಒಬ್ಬೊಬ್ಬನ ಕೈಯಲ್ಲಿ ಎಷ್ಟಿದೆಯೆಂದು ತಿಳಿದಂತಾಗಲಿಲ್ಲ. 130 ಕೋಟಿ ಎಂಬುದು ಕಿಲೋಮೀಟರುಗಟ್ಟಲೆ ಹರಡಿದ ಮೋಡದ ಒಟ್ಟು ಲೆಕ್ಕ. ಗಾಳಿಯ ತಡೆ ಮುರಿಯುವುದು ಒಂದೊಂದು ಮೀಟರಿನ ಪಾಲಿಗೆ ಬರುವ ಒತ್ತಡದಿಂದ. ಆ ಪಾಲು ಕಡಿಮೆಯಿದ್ದಾಗ ಕಿಡಿಗೆ ಹೊರಗಿನ ನೆರವು ಬೇಕು. ನೆರವಿತ್ತವರು ಯಾರು?

ಹಿಮದ ಹರಳೇ ನೆರವಿತ್ತಿತೆಂಬುದು ಒಂದು ಪಕ್ಷ. ಮೊನಚಾದ ತುದಿಯ ಬಳಿ ವಿದ್ಯುತ್ತಿನ ಒತ್ತಡ ಹಲವು ಪಟ್ಟು ಹೆಚ್ಚುತ್ತದೆ. ಸಿಡಿಲುಕಂಬದ ತುದಿಯನ್ನು ಚೂಪಾಗಿ ಮಾಡುವ ರೂಢಿ ಬಂದುದೂ ಈ ತತ್ತ್ವದಿಂದಲೇ. ಹಿಮದ ಹರಳಿನ ತುದಿಯಲ್ಲಿ, ಅಥವಾ ಒತ್ತಡದಿಂದ ಉದ್ದಕ್ಕೆ ಎಳೆದಂತಾದ ನೀರಹನಿಯ ತುದಿಯಲ್ಲಿ, ಸಣ್ಣದೊಂದು ಕಿಡಿ ಮೂಡಬಹುದು. ಇದಕ್ಕೆ ಎದುರಾಗುವ ಆಕ್ಷೇಪವೂ ಸರಳವಾದುದೇ. ಕೂದಲೆಳೆಯಷ್ಟು ಕಿರಿದಾದ ತುದಿಯಲ್ಲಿ ಮೂಡಿದ ಕಿಡಿ ಅಲ್ಲಿಯೇ ಆರಿಹೋಗದೆ, ಕಿಲೋಮೀಟರುಗಟ್ಟಲೆ ಸಾಗುವ ಮಿಂಚಾಗಿ ಬೆಳೆಯುವುದು ಹೇಗೆ?

ಇನ್ನೊಂದು ಪಕ್ಷ ವಿಲ್ಸನ್ನನ ಆಲೋಚನೆಯಿಂದಲೇ ಹೊರಟದ್ದು. ಮೋಡದೊಳಗೆ ಅತಿವೇಗದ ಎಲೆಕ್ಟ್ರಾನ್ ಒಂದು ಹೊಕ್ಕರೆ, ಗಾಳಿಯ ತಡೆಗೆ ಅದು ಸೋಲುವುದಿಲ್ಲ; ಮೋಡದ ಒತ್ತಡ ಅದನ್ನು ಇನ್ನಷ್ಟು ದೂಡುತ್ತ ಹೋಗುತ್ತದೆ. ಅದು ದಾರಿಯ ಅಣುಗಳನ್ನು ಹೊಡೆದು ಹೊಸ ಎಲೆಕ್ಟ್ರಾನುಗಳನ್ನು ಹೊರಕ್ಕೆಡಹುತ್ತದೆ, ಅವು ಮತ್ತಷ್ಟನ್ನು. ಬೆಟ್ಟದ ಮೇಲಿಂದ ಉರುಳಿದ ಒಂದು ಕಲ್ಲು ನೂರು ಕಲ್ಲುಗಳನ್ನು ಉರುಳಿಸಿದಂತೆ. ಆ ಮೊದಲ ಕಲ್ಲನ್ನು ಒದಗಿಸುವುದು ವಿಶ್ವಕಿರಣ ಎಂದು ರಷ್ಯದ ಅಲೆಕ್ಸಾಂಡರ್ ಗುರೆವಿಚ್ ಮತ್ತು ಸಂಗಡಿಗರು 1992ರಲ್ಲಿ ವಾದಿಸಿದರು. ಎಷ್ಟೋ ಸಾವಿರ ಜ್ಯೋತಿರ್ವರ್ಷಗಳ ಆಚೆ ಸಿಡಿದ ನಕ್ಷತ್ರದಿಂದ ಹೊರಟ ಕಣವೊಂದು ಘಟ್ಟದ ಮೋಡದಲ್ಲಿ ಮಿಂಚು ಹೊತ್ತಿಸಬಹುದೆಂಬ ಈ ಕಲ್ಪನೆಗಿಂತ ಭವ್ಯವಾದುದನ್ನು ಪುರಾಣವೂ ಹೇಳಿಲ್ಲ. ಆದರೆ ಭವ್ಯವಾದುದೆಲ್ಲ ನಿಜವಾಗಬೇಕಾಗಿಲ್ಲ. ಹಾಗೆ ಹರಡಿದ ಎಲೆಕ್ಟ್ರಾನುಗಳ ಪ್ರವಾಹ ದಾರದಷ್ಟು ಸಣ್ಣ, ಉರಿಯುವ ಒಂದೇ ದಾರಿಯಾಗಿ ಕೂಡಿಕೊಳ್ಳಬೇಕಲ್ಲ? ಅಲ್ಲಿಗೆ ಬಂದು ಈ ವಾದವೂ ತಡವರಿಸಿತು.

2025ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ವಿಕ್ಟರ್ ಪಾಸ್ಕೊ ಮತ್ತು ಅವರ ಸಹೋದ್ಯೋಗಿಗಳು ಈ ತೊಡಕಿಗೆ ಒಂದು ಪರಿಹಾರವನ್ನು ಮುಂದಿಟ್ಟಿದ್ದಾರೆ. ಧಾವಿಸುವ ಎಲೆಕ್ಟ್ರಾನುಗಳು ಗಾಳಿಯ ಸಾರಜನಕ ಮತ್ತು ಆಮ್ಲಜನಕದ ಅಣುಗಳಿಗೆ ತಾಗಿದಾಗ ಎಕ್ಸ್-ಕಿರಣಗಳು ಹೊಮ್ಮುತ್ತವೆ. ಆ ಕಿರಣಗಳಲ್ಲಿ ಕೆಲವು ಹಿಂದಕ್ಕೆ ಮರಳಿ, ಪ್ರವಾಹ ಹೊರಟ ಸ್ಥಳದಲ್ಲಿಯೇ ಹೊಸ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಅವು ಮತ್ತೆ ಮುಂದಕ್ಕೆ ಧಾವಿಸುತ್ತವೆ. ಹೀಗೆ ಒಂದು ಸಣ್ಣ ಜಾಗದಲ್ಲಿ ಆವರ್ತನೆಯ ಮೇಲೆ ಆವರ್ತನೆಯಾಗಿ ಪ್ರವಾಹ ಉಕ್ಕುತ್ತದೆ ಎಂಬುದು ಅವರ ಲೆಕ್ಕ. ಬೆಳಕು ಎಲೆಕ್ಟ್ರಾನುಗಳನ್ನು ಬಿಡಿಸುವ ಈ ಬಗೆಯನ್ನು ಐನ್‌ಸ್ಟೈನ್ 1905ರಲ್ಲಿ ವಿವರಿಸಿದ್ದರು. ಅವರ ನೊಬೆಲ್ ಬಹುಮಾನಕ್ಕೆ ಮುಖ್ಯ ಆಧಾರವಾದುದೂ ಅದೇ. ಹಳೆಯ ಸೂತ್ರವೊಂದು ಹೀಗೆ ಮೋಡದಲ್ಲಿ ಕೆಲಸಕ್ಕೆ ಬಂದಿತು. ಇದು ಗಣಿತದಿಂದ ಕಟ್ಟಿದ ಮಾದರಿ. ಕೈಯಲ್ಲಿದ್ದ ಅನೇಕ ಅಳತೆಗಳೊಡನೆ ಹೊಂದಿಕೊಳ್ಳುತ್ತದೆ. 2023ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ವಿಮಾನವೊಂದು ಇಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ ಗುಡುಗಿನ ಮೋಡಗಳ ಮೇಲೆ ಹಾರಿ, ಅವುಗಳಿಂದ ಮಿನುಗುತ್ತ ಹೊಮ್ಮುವ ಗಾಮಾ ಕಿರಣಗಳನ್ನು ಕಂಡಿತ್ತು. ನೆದರ್‌ಲೆಂಡ್ಸ್ ದೇಶದಲ್ಲಿ ಆಕಾಶದ ರೇಡಿಯೊ ಅಲೆಗಳನ್ನು ಆಲಿಸಲು ನೆಟ್ಟ ‘ಲೋಫಾರ್’ ಎಂಬ ಸಾವಿರಾರು ಆಂಟೆನಾಗಳ ಬಳಗ ಮಿಂಚಿನ ಆರಂಭವನ್ನು ಕೆಲವೇ ಮೀಟರುಗಳ ನಿಖರತೆಯಿಂದ ಗುರುತಿಸಿದೆ. ಆದರೆ ಮೊದಲ ಕಿಡಿ ಹೊತ್ತಿದ ಆ ಜಾಗದಲ್ಲಿ, ಹೊತ್ತಿದ ಆ ಕ್ಷಣಕ್ಕೆ ಸರಿಯಾಗಿ ಉಪಕರಣವನ್ನಿಟ್ಟು ನೋಡುವ ಬಗೆ ಸುಲಭವಲ್ಲ. ಪಾಸ್ಕೊ ಅವರ ಲೆಕ್ಕ ಸರಿಯೇ, ಹಿಮದ ಹರಳಿಗೂ ಅದರಲ್ಲಿ ಪಾಲಿದೆಯೇ ಎಂಬ ವಿಚಾರ ಮುಂದುವರಿದೇ ಇದೆ.

ಇಂತಹ ತೀರದ ಪ್ರಶ್ನೆಗಳನ್ನು ಶಾಲೆಯ ಮಕ್ಕಳ ಮುಂದೆ ಇಡಬಾರದೆಂದು ಹೇಳುವ ಹಿರಿಯರುಂಟು. ವಿಜ್ಞಾನಕ್ಕೂ ತಿಳಿಯದೆಂದರೆ ಮಕ್ಕಳಿಗೆ ಅದರಲ್ಲಿ ನಂಬಿಕೆ ಕೆಡುತ್ತದೆ, ಮೂಢನಂಬಿಕೆ ಮತ್ತೆ ತಲೆಯೆತ್ತುತ್ತದೆ ಎಂಬುದು ಅವರ ಅಳಲು. ಅವರ ಕಾಳಜಿ ಮೆಚ್ಚತಕ್ಕದ್ದು. ಅವರ ತೀರ್ಮಾನ ಒಪ್ಪತಕ್ಕದ್ದಲ್ಲ. ‘ತಿಳಿಯದು’ ಎಂಬ ಮಾತಿನಲ್ಲಿ ಎರಡು ಬಗೆಗಳಿವೆ. ಏನನ್ನೂ ಅಳೆಯದವನು ಹೇಳುವ ‘ತಿಳಿಯದು’ ಒಂದು. ಮೀಟರಿಗೆ ಇಷ್ಟು ವೋಲ್ಟು ಬೇಕು, ಇರುವುದು ಇಷ್ಟೇ, ನಡುವಿನ ಈ ಕೊರತೆಗೆ ಕಾರಣ ತಿಳಿಯದು ಎಂದು ಬೆರಳಿಟ್ಟು ತೋರಿಸುವುದು ಇನ್ನೊಂದು. ಎರಡನೆಯದು ಅಜ್ಞಾನವಲ್ಲ, ದುಡಿದು ಪಡೆದ ಅರಿವು. ಮೋಡಗಳು ಡಿಕ್ಕಿ ಹೊಡೆಯುತ್ತವೆಂದು ಕಲಿತ ಹುಡುಗನಿಗೆ ಮೇಲೆ ನೋಡುವ ಅಗತ್ಯವೇ ಉಳಿಯುವುದಿಲ್ಲ. ಮೊದಲ ಕಿಡಿಯ ಮೂಲ ಇನ್ನೂ ಗೊತ್ತಿಲ್ಲವೆಂದು ಕಲಿತ ಹುಡುಗಿ, ಕಿರಿಮಂಜೇಶ್ವರದ ತನ್ನ ಮನೆಯ ಜಗಲಿಯಿಂದಲೇ, ಯಾವ ತಿಂಗಳಲ್ಲಿ ಎಷ್ಟು ಹೊತ್ತಿಗೆ ಮೋಡ ಯಾವ ಕಡೆಯಿಂದ ಬಂತು, ಮಿಂಚಿಗೂ ಗುಡುಗಿಗೂ ನಡುವೆ ಎಷ್ಟು ಸೆಕೆಂಡುಗಳಾದವು ಎಂದು ಬರೆದಿಡಬಲ್ಲಳು. ಮೂರು ಸೆಕೆಂಡುಗಳಾದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆಯೆಂಬ ಲೆಕ್ಕ ಅವಳಿಗೆ ಸಾಕು.

ಇನ್ನು, ಕಾರಣ ತಿಳಿಯದಿದ್ದರೂ ಸಿಡಿಲುಕಂಬ ಇದೆಯಲ್ಲ ಎಂಬವರ ವಾದ. ಸಿಡಿಲುಕಂಬ ಕಾಯುವುದು ಕಟ್ಟಡವನ್ನು. ಗದ್ದೆಯಲ್ಲಿ ನೇಜಿ ಹಿಡಿದವಳನ್ನೂ, ದೋಣಿಯಲ್ಲಿ ನಿಂತವನನ್ನೂ ಕಾಯುವುದು ಮುನ್ನೆಚ್ಚರಿಕೆಯೊಂದೇ. ಗುಡುಗು ಮಳೆಯ ಸಂಭವವನ್ನು ಹವಾಮಾನ ಇಲಾಖೆ ಕೆಲವು ಗಂಟೆಗಳ ಮುಂಚೆ ಜಿಲ್ಲೆಗೆ ಜಿಲ್ಲೆಯನ್ನೇ ಹೆಸರಿಸಿ ತಿಳಿಸುತ್ತದೆ. ಅದಕ್ಕಿಂತ ಹೆಚ್ಚು ನಿಖರವಾದ ಎಚ್ಚರಿಕೆಗಾಗಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ‘ಸಿಡಿಲು’ ಎಂಬ ಮೊಬೈಲ್ ಆ್ಯಪನ್ನೂ, ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ‘ದಾಮಿನಿ’ ಎಂಬುದನ್ನೂ ರೂಪಿಸಿವೆ. ಮಿಂಚು ಹೊರಡಿಸುವ ರೇಡಿಯೊ ಅಲೆಗಳನ್ನು ಅಲ್ಲಲ್ಲಿ ನೆಟ್ಟ ಗ್ರಾಹಕಗಳು ಹಿಡಿದು, ಸಿಡಿಲು ಎಷ್ಟು ಸಮೀಪಕ್ಕೆ ಬಂದಿದೆಯೆಂದು ತಿಳಿಸುತ್ತವೆ. ಉಪಯುಕ್ತವಾದ ಏರ್ಪಾಡು, ಪ್ರತಿಯೊಂದು ಮೀನುಗಾರರ ಮನೆಯಲ್ಲಿಯೂ ಇರತಕ್ಕದ್ದು. ಆದರೆ ಈ ಗ್ರಾಹಕಗಳು ಹಿಡಿಯುವುದು ಆಗಲೇ ಮಿಂಚಿದ ಮಿಂಚನ್ನು.

ಆ ಮೊದಲ ಮಿಂಚು ಬಹುಪಾಲು ಮೋಡದ ಒಳಗೇ ಹುಟ್ಟಿ ಒಳಗೇ ಮುಗಿಯುತ್ತದೆ. ಯಾವಾಗಲೂ ಹಾಗೆಯೇ ಆಗಬೇಕೆಂಬ ನಿಯಮವಿಲ್ಲ. ಮಳೆ ಬೀಳುವಲ್ಲಿಂದ ಹತ್ತು ಕಿಲೋಮೀಟರ್ ಆಚೆಗೆ, ಬಿಸಿಲಿರುವ ನೆಲಕ್ಕೂ ಸಿಡಿಲು ಎರಗಬಲ್ಲುದು. ಕನ್ನಡದಲ್ಲಿ ‘ಬರಸಿಡಿಲು’ ಎಂಬ ಮಾತು ಸುಮ್ಮನೆ ಹುಟ್ಟಿದುದಲ್ಲ. ಆದುದರಿಂದ ಮೊದಲ ಗುಡುಗು ಕೇಳಿದೊಡನೆ, ಮಳೆಯ ಹನಿಗಾಗಿ ಕಾಯದೆ, ಗದ್ದೆ ದಡಗಳನ್ನು ಬಿಟ್ಟು ಗಟ್ಟಿಯಾದ ಮನೆಯೊಳಗೋ ಬಾಗಿಲು ಮುಚ್ಚಿದ ಬಸ್ಸು ಕಾರುಗಳ ಒಳಗೋ ಸೇರಬೇಕು. ತೆಂಗಿನ ಮರದ ಬುಡಕ್ಕಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೊರಕ್ಕೆ ಬರಬಹುದು. ಮೊದಲ ಗುಡುಗಿಗೂ ಮೊದಲೇ, ತಲೆಯ ಮೇಲಿನ ಈ ಮೋಡ ಇನ್ನು ಇಷ್ಟು ನಿಮಿಷಗಳಲ್ಲಿ ಮಿಂಚುತ್ತದೆಂದು ಖಚಿತವಾಗಿ ಹೇಳಬಲ್ಲ ಉಪಕರಣ ಊಟಿಯಲ್ಲಿಯೂ ಇಲ್ಲ, ಪುಣೆಯಲ್ಲಿಯೂ ಇಲ್ಲ.